ಮಣಿಕಟ್ಟಿನ ಮೇಲೆ ಏಕಾದಶಿ

ಆ ಮೀನು ತನ್ನನ್ನೇ ನೋಡಿಕೊಂಡು ಹೋಯಿತು, ಅದರಲ್ಲಿ ಅನುಮಾನವಿಲ್ಲ — ಅಂಗೈ ಅಗಲದ ಮೀನು, ಮುಖಗಾಜಿನ ಹತ್ತಿರ ಬಂದು ಒಂದು ಕಣ್ಣಿನಿಂದ ನೋಡಿ, ಮೈ ತಿರುಗಿಸಿ ಇನ್ನೊಂದು ಕಣ್ಣಿನಿಂದಲೂ ನೋಡಿ, ಆಮೇಲೆ ನೆಟ್ಟಗೆ ಪಾಲುದಾರ ಮನು ಇರುವ ಕಡೆಗೇ ಈಜಿತಲ್ಲ, ಯಾಕೆ, ಇಷ್ಟು ದೊಡ್ಡ ಹೇಮಾವತಿ ಹಿನ್ನೀರಿನಲ್ಲಿ ಅದಕ್ಕೆ ಬೇರೆ ದಾರಿ ಇರಲಿಲ್ಲವೆ, ಎಂದುಕೊಂಡ ಸಂಪತ್ಕುಮಾರ, ಎಂದುಕೊಂಡ ತಕ್ಷಣ ಹೆಂಡತಿ ಮೈತ್ರೇಯಿ ನೆನಪಾದಳು, ನಿಮ್ಮನ್ನ ನೀರಿಗೆ ಬಿಟ್ರೆ ಮೀನಿನ ಹತ್ರಾನೂ ರೇಷನ್ ಕಾರ್ಡ್ ಕೇಳ್ತೀರಿ ಕಣ್ರೀ, ಮದುವೆಯಾದ ಹೊಸತರಲ್ಲಿ ಅವಳಿಗೆ ಇಂಥ ಮಾತು ಬರುತ್ತಿರಲಿಲ್ಲ, ಯಾರು ಹೇಳಿಕೊಟ್ಟರೋ. ಇರಲಿ, ಕೈಯಲ್ಲಿ ಕತ್ತಿ ಇದೆ, ಮುಂದೆ ಪೈಪಿನ ಬಾಯಿ ಇದೆ, ಅರಕಲಗೂಡು ಕಡೆಯ ಹಳ್ಳಿಗಳಿಗೆ ಕುಡಿಯುವ ನೀರು ಎಳೆಯುವ ಪೈಪು, ಅದರ ಜಾಲರಿಗೆ ಮಳೆಗಾಲದ ಹೊಳೆ ತಂದು ಸುತ್ತಿದ ಬೇರು, ಬಳ್ಳಿ, ಯಾರದೋ ಹರಿದ ಮೀನುಬಲೆ, ಯಾರದೋ ಪಂಚೆ — ಪಂಚೆ ಇಲ್ಲಿಗೆ ಹೇಗೆ ಬಂತು, ಪಂಚೆ ಬಂದ ಮೇಲೆ ಪಂಚೆಯವನು ಎಲ್ಲಿಗೆ ಹೋದ, ಅದನ್ನೂ ಕೇಳಬಾರದಂತೆ — ಎಲ್ಲವನ್ನೂ ಕುಯ್ದು ಕುಯ್ದು ಮೇಲಕ್ಕೆ ಕೊಡುವುದು ಇವನ ಕೆಲಸ, ಎರಡಾಳುದ್ದ ಮೇಲೆ ಹಗ್ಗ ಹಿಡಿದು ತೇಲುತ್ತಾ ಟಾರ್ಚು ಬಿಟ್ಟು ಅದನ್ನು ಚೀಲಕ್ಕೆ ತುಂಬುವುದು ಮನುವಿನ ಕೆಲಸ, ಅದಕ್ಕೂ ಮೇಲೆ, ಬೆಳಕಿರುವ ಲೋಕದಲ್ಲಿ, ದೋಣಿಯಲ್ಲಿ ಕೂತು ಬೀಡಿ ಸೇದುವುದು ಗಂಗಯ್ಯನ ಕೆಲಸ, ಇಲ್ಲಿ ಆಳ ಅಂದ್ರೆ ಆಳ ಕಣ್ ಸಾ, ನೀರ್ ನಿಲ್ಲೋಕ್ ಮುಂಚೆ ಇಲ್ಲೊಂದು ಉಣಿಸೆ ಮರ ಇತ್ತು, ಅದ್ರ ನೆತ್ತಿ ಮ್ಯಾಲೆ ಕುಂತಿವಿ ಈಗ, ಎಂದು ಗಂಗಯ್ಯ ಹೇಳುವಾಗ ಮನು ನಕ್ಕಿದ್ದ, ನಗುವಂಥದ್ದು ಏನಿತ್ತು. ಎಡ ಮಣಿಕಟ್ಟಿನ ಕಂಪ್ಯೂಟರು ನೋಡಿಕೊಂಡ, ಗಡಿಯಾರದಷ್ಟೇ ಇರುವ ಆಳದ ಲೆಕ್ಕಿಗ. ಹನ್ನೊಂದು. ಹನ್ನೊಂದು ಮೀಟರ್ ಆಳ, ಹನ್ನೊಂದು ಅಂದರೆ ಎರಡು ಕಡ್ಡಿ, ಬೂದು ಗಾಜಿನ ಮೇಲೆ ಎರಡು ಕಪ್ಪು ಕಡ್ಡಿ ಪಕ್ಕಪಕ್ಕದಲ್ಲಿ ನೆಟ್ಟಗೆ ನಿಂತಿವೆ, ಕೆಳಗೆ ಇನ್ನೊಂದು ಅಂಕಿ, ಅದು ಇನ್ನೂ ಎಷ್ಟು ಹೊತ್ತು ಇಲ್ಲಿದ್ದರೂ ನೆಟ್ಟಗೆ ಮೇಲೆ ಹೋಗಬಹುದು ಎಂಬ ಲೆಕ್ಕ, ಇವನು ಅದಕ್ಕೆ ನಾನ್‌ಸ್ಟಾಪ್ ಎನ್ನುತ್ತಾನೆ, ಹಾಸನ–ಬೆಂಗಳೂರು ಬಸ್ಸಿನ ಹಾಗೆ, ಆ ಹೊತ್ತು ಮೀರಿತೋ ನಾನ್‌ಸ್ಟಾಪ್ ಹೋಗಿ ಷಟಲ್ ಆಗುತ್ತದೆ, ಅಲ್ಲಲ್ಲಿ ನಿಂತು ನಿಂತು, ಮೈಯೊಳಗೆ ಕರಗಿದ ಗಾಳಿಯನ್ನು ಇಳಿಸಿ ಇಳಿಸಿ ಹತ್ತಬೇಕು, ನಿಲ್ಲದೆ ಹತ್ತಿದರೆ ರಕ್ತವೆಲ್ಲ ಗೋಲಿಸೋಡಾ. ಈಗ ಆ ಅಂಕಿ ಧಾರಾಳವಾಗಿದೆ, ಸಿನಿಮಾ ಅರ್ಧ ನೋಡಬಹುದು ಅಷ್ಟಿದೆ. ಈ ಕಂಪ್ಯೂಟರನ್ನು ಇವನು ನಂಬುತ್ತಾನೆ, ಲೋಕದಲ್ಲಿ ಇವನು ನಂಬುವ ಒಂದೇ ಜೀವ ಇದು, ಅದಕ್ಕೆ ಜೀವವಿಲ್ಲ ಎನ್ನುವುದೇ ಕಾರಣ, ಅದಕ್ಕೆ ಬೀಗರಿಲ್ಲ, ಭಾಮೈದರಿಲ್ಲ, ಹಾಸನದ ಹೋಟೆಲಿನಲ್ಲಿ ಎಂಜಿನಿಯರ ಎದುರು ಕೂತು ಅದು ಕಾಫಿ ಕುಡಿಯುವುದಿಲ್ಲ.

ಮನು ಕುಡಿಯುತ್ತಾನೆ. ಹೋದ ಗುರುವಾರ ಕಣ್ಣಾರೆ ಕಂಡದ್ದು, ಗಾಜಿನ ಲೋಟ, ಎರಡು ಕಾಫಿ, ಎದುರಿಗೆ ಇದೇ ಪೈಪಿನ ಎಂಜಿನಿಯರು, ಮನು ಕೈ ಆಡಿಸಿ ಏನೋ ಹೇಳುತ್ತಿದ್ದವನು ಇವನನ್ನು ನೋಡಿ ಸುಮ್ಮನಾದ, ಬಾ ಸಂಪತಣ್ಣ, ನಿನ್ ಇಸ್ಯಾನೇ ಮಾತಾಡ್ತಿದ್ದೋ, ನೂರೊರ್ಸ ಆಯಸ್ಸು ನಿಂಗೆ — ಅಲ್ಲ, ಎದುರಿಗೆ ಇಲ್ಲದವನ ವಿಷಯ ಮಾತಾಡುವುದೇ ಒಂದು ತಪ್ಪು, ಅದನ್ನು ಎದುರಿಗೇ ಒಪ್ಪಿಕೊಳ್ಳುವವನು ಅದಕ್ಕಿಂತ ದೊಡ್ಡದು ಏನನ್ನೋ ಬಚ್ಚಿಟ್ಟಿರುತ್ತಾನೆ. ಅನುಮಾನ ಎನ್ನುವ ಪದವನ್ನೇ ಹಿಂದುಮುಂದಾಗಿ ಓದಿದರೆ ನಡುವೆ ಮಾನು ಕೂತಿದ್ದಾನೆ, ದೀರ್ಘ ತೆಗೆದರೆ ಮನು, ಭಾಷೆಗೇ ಗೊತ್ತಿದೆ. ಚನ್ನರಾಯಪಟ್ಟಣದ ಹತ್ತಿರದ ಗೌಡರ ಹುಡುಗ, ತೆಂಗಿನ ತೋಟ ಇದೆ, ಟ್ರ್ಯಾಕ್ಟರ್ ಇದೆ, ಅವನಿಗೆ ನೀರೊಳಗೆ ಏನು ಕೆಲಸ, ನಾನೂ ಕಲ್ತ್ಕತೀನಿ ಅಣ್ಣ ಎಂದು ಬಂದ, ಇವನೇ ಕಲಿಸಿದ, ಕಲಿತು ಪಾಲುದಾರನಾದ, ಪಾಲುದಾರನಾದವನು ನಾಳೆ ಪೂರಾದಾರನಾಗುವುದಿಲ್ಲ ಎಂದು ಯಾರು ಬರೆದುಕೊಡುತ್ತಾರೆ. ಇವನದಾದರೋ ಹೊಳೆನರಸೀಪುರದ ವೈದಿಕರ ಮನೆ, ಸಂಧ್ಯಾವಂದನೆಗೆ ಅಂಗೈಯಷ್ಟು ನೀರು ಸಾಕಾಗುತ್ತಿದ್ದ ವಂಶ, ಅದರಲ್ಲಿ ಇವನೊಬ್ಬನಿಗೆ ಸಮುದ್ರ ಬೇಕಾಯಿತು, ನೌಕಾಪಡೆ ಸೇರಿ ಮುಳುಗುವುದನ್ನೇ ಕಸುಬು ಮಾಡಿಕೊಂಡು, ಪೆನ್ಷನ್ ಹಿಡಿದು ಊರಿಗೆ ಬಂದರೆ, ನಿಮ್ಮ ಸಂಪತ್ತು ಏನು ಮಾಡ್ತಾನೆ ಎಂದು ಎದುರುಮನೆ ದಾಕ್ಷಾಯಣಮ್ಮ ಕೇಳಿದ್ದಕ್ಕೆ ಅಮ್ಮ, ಮುಳುಗ್ತಾನೆ ಕಣೇ, ಎಂದಷ್ಟೇ ಹೇಳಿ ಒಳಗೆ ಹೋದಳಂತೆ, ಅರ್ಧ ಅಗ್ರಹಾರ ಇವನ ವ್ಯಾಪಾರ ಮುಳುಗಿದೆ ಎಂದುಕೊಂಡು ಸಾಂತ್ವನ ಹೇಳಿತು, ಇನ್ನರ್ಧ ಯಾವ ಬ್ಯಾಂಕು ಎಂದು ಕೇಳಿತು.

ಹೆಗಲ ಮೇಲೆ ಬೆರಳು. ಎರಡು ಸಲ ತಟ್ಟಿದ್ದು. ಮನು ಇಳಿದು ಬಂದಿದ್ದಾನೆ, ಟಾರ್ಚು ಕಂಕುಳಲ್ಲಿ, ಗಾಜಿನ ಹಿಂದೆ ಕಣ್ಣು ದೊಡ್ಡದಾಗಿದೆ, ತನ್ನ ಮಣಿಕಟ್ಟು ತೋರಿಸುತ್ತಿದ್ದಾನೆ, ಏನಯ್ಯಾ, ನಿನ್ನ ಗಡಿಯಾರ ಚೆನ್ನಾಗಿದೆ, ನೋಡಿದ್ದೇನೆ, ಒಂದೇ ಕಂಪನಿಯ ಒಂದೇ ಮಾದರಿಯ ಎರಡನ್ನು ಕೊಚ್ಚಿಯ ಗೆಳೆಯನಿಂದ ತರಿಸಿದವನೇ ನಾನು — ಇಪ್ಪತ್ನಾಲ್ಕು. ಮನುವಿನ ಗಾಜಿನಲ್ಲಿ ಇಪ್ಪತ್ನಾಲ್ಕು ಮೀಟರ್. ತನ್ನದನ್ನು ಪಕ್ಕಕ್ಕಿಟ್ಟ, ಹನ್ನೊಂದು. ಇಬ್ಬರ ಮೊಣಕಾಲೂ ಒಂದೇ ಕೆಸರಿನಲ್ಲಿ ಹೂತಿವೆ, ಒಂದೇ ಹೊಳೆ, ಒಂದೇ ತಳ, ಒಬ್ಬನಿಗೆ ಇಪ್ಪತ್ನಾಲ್ಕು, ಒಬ್ಬನಿಗೆ ಹನ್ನೊಂದು. ಯಾರದು ಸುಳ್ಳು, ಕೇಳಬೇಕೆ. ಹೋದ ತಿಂಗಳು ಎರಡಕ್ಕೂ ಬ್ಯಾಟರಿ ಹಾಕಿಸಿಕೊಂಡು ಬಂದವನು ಯಾರು, ನೀನ್ಯಾಕ್ ಓಗ್ತೀಯ ಅಣ್ಣ, ನಾನೆಂಗೂ ಆಸನಕ್ಕೋಯ್ತಾ ಇವ್ನಿ, ತಕ್ಕೊಂಡ್ ಬತ್ತೀನಿ, ಆ ಒಂದು ಮಧ್ಯಾಹ್ನ ಎರಡೂ ಅವನ ಜೇಬಿನಲ್ಲಿದ್ದವು. ಇವತ್ತು ದೋಣಿಯಲ್ಲಿ ಏನೆಂದ, ಅಣ್ಣ, ಇಳ್ಯೋಕ್ ಮುಂಚೆ ಎಲ್ಡನ್ನೂ ಪಕ್ಕಪಕ್ಕ ಇಟ್ಟು, ಒಂದಾಳುದ್ದ ಇಳ್ದು ಅಂಕಿ ಸರಿ ಐತಾ ಅಂತ ನೋಡ್ಬುಡಣ, ನೀನೇ ತಾನೆ ಹೇಳ್ಕೊಟ್ಟಿದ್ದು. ನಾನು ಮನೆಯಲ್ಲೇ ನೋಡಿದ್ದೀನಯ್ಯಾ, ಆನ್ ಆಗತ್ತೆ, ಬ್ಯಾಟರಿ ಇದೆ, ಸಿಹಿನೀರಿಗೆ ಇಟ್ಟಿದ್ದೀನಿ, ಸಮುದ್ರಕ್ಕಿಂತ ಎಷ್ಟು ಎತ್ತರದ ಊರು ಅನ್ನೋದನ್ನೂ ಹಾಕಿದ್ದೀನಿ, ಮುಚ್ಚು ಬಾಯಿ, ಎಂದಿದ್ದ ಇವನು, ಯಾಕೆಂದರೆ ಇನ್ನೊಬ್ಬನ ಕಂಪ್ಯೂಟರ್ ನೋಡುವ ಆಸೆ ಒಳ್ಳೆಯ ಆಸೆಯಲ್ಲ, ಇವತ್ತು ಅಂಕಿ ನೋಡುತ್ತಾನೆ, ನಾಳೆ ಟೆಂಡರಿನ ಅಂಕಣ ತುಂಬುತ್ತಾನೆ. ಮನು ತನ್ನ ಗಾಜಿನ ಕೆಳಗಿನ ಅಂಕಿಗೆ ಬೆರಳಿಟ್ಟು ಕುಟ್ಟುತ್ತಿದ್ದಾನೆ, ನಾಲ್ಕು, ನಾನ್‌ಸ್ಟಾಪ್ ಇನ್ನು ನಾಲ್ಕೇ ನಿಮಿಷ, ಆಮೇಲೆ ಹೆಬ್ಬೆಟ್ಟು ಎತ್ತಿ ತೋರಿಸಿದ. ನೀರೊಳಗೆ ಹೆಬ್ಬೆಟ್ಟು ಎಂದರೆ ಮೇಲಕ್ಕೆ ಹೋಗೋಣ ಎಂದು, ಗೊತ್ತು, ಕಲಿಸಿದವನು ತಾನೇ, ಆದರೆ ನೀರಿನ ಮೇಲೆ ಮನುಷ್ಯರು ಹೆಬ್ಬೆಟ್ಟು ಯಾವಾಗ ತೋರಿಸುತ್ತಾರೆ ಎನ್ನುವುದೂ ಗೊತ್ತು, ಕೈಕೊಟ್ಟಾಗ.

ಜಾಲರಿ ಇನ್ನೂ ಒಂದು ಮೂಲೆ ಬಾಕಿ. ಈಗ ಹತ್ತಿದರೆ ಕೆಲಸ ಅರ್ಧ, ಅರ್ಧ ಕೆಲಸ ಮಾಡಿದವನು ಸಂಪತ್ಕುಮಾರ, ಪೂರ್ತಿ ಮಾಡುವವನು ಮನು, ಎಂಜಿನಿಯರಿಗೆ ಇನ್ನೊಂದು ಕಾಫಿ — ಎಂದುಕೊಂಡು ತಲೆ ಅಲ್ಲಾಡಿಸಿ, ಕತ್ತಿ ತೋರಿಸಿ, ಮತ್ತೆ ಜಾಲರಿಗೆ ತಿರುಗಿದ, ಮನು ತೋಳು ಹಿಡಿದ, ಇವನು ಕೊಡವಿದ. ಕೊಡವಿದಾಗ ಎದೆಯ ಮೇಲೆ ನೇತಾಡುವ ಗಾಳಿ ಮೀಟರು ಕಣ್ಣಿಗೆ ಬಿತ್ತು. ಅಲ್ಲ, ಇಷ್ಟು ಇಳಿದಿದೆಯೇ. ಹನ್ನೊಂದು ಮೀಟರಿನಲ್ಲಿ ಸಿಲಿಂಡರು ಇಷ್ಟು ಬೇಗ ಖಾಲಿಯಾಗುವುದಿಲ್ಲ, ಆಳ ಹೆಚ್ಚಿದಷ್ಟೂ ಉಸಿರಿಗೆ ಗಾಳಿ ಹೆಚ್ಚು ಬೇಕು, ಇದು ಇಪ್ಪತ್ತು ದಾಟಿದವನ ಖರ್ಚು, ಹಾಗಾದರೆ — ಹಾಗಾದರೆ ಏನು, ಸಿಲಿಂಡರು ತುಂಬಿಸಿದವನೂ ಮನುವೇ, ಕಮ್ಮಿ ತುಂಬಿಸಿದ್ದಾನೆ. ಆದರೆ ದೋಣಿಯಲ್ಲಿ ಮೀಟರು ಪೂರ್ತಿ ತೋರಿಸಿತ್ತಲ್ಲ, ತಾನೇ ನೋಡಿದ್ದ. ಮೀಟರಿಗೂ ಏನೋ ಮಾಡಿದ್ದಾನೆ. ಇಳಿಯುವಾಗ ಕಿವಿ ಎಷ್ಟು ಸಲ ಬಿಡಿಸಿಕೊಳ್ಳಬೇಕಾಯಿತು, ಮೂಗು ಹಿಡಿದು ಹಿಡಿದು ಸಾಕಾಗಿತ್ತು, ಅಷ್ಟು ಸಲ ಹನ್ನೊಂದು ಮೀಟರಿಗೆ ಬೇಕಾಗುತ್ತದೆಯೇ — ನೆಗಡಿ. ಹಗ್ಗಕ್ಕೆ ಐದೈದು ಮೀಟರಿಗೆ ಒಂದು ಬಿಳಿ ಬಟ್ಟೆ ಕಟ್ಟಿದೆ, ಇಳಿಯುವಾಗ ನಾಲ್ಕು ಬಟ್ಟೆ ದಾಟಿದ ಹಾಗೆ ನೆನಪು — ಹಗ್ಗ ಕಟ್ಟಿದವನು ಯಾರು, ಮನು, ಬಟ್ಟೆ ಹರಿದವನು ಯಾರು, ಮನು. ಕಿವಿಯನ್ನೂ ಮನುವೇ ತಂದು ಅಂಟಿಸಿದನೇ, ಎಂದು ಒಳಗಿನಿಂದ ಯಾರೋ ಕೇಳಿದ ಹಾಗಾಯಿತು, ಮೈತ್ರೇಯಿಯ ದನಿ, ಒಲೆಯ ಮುಂದೆ ನಿಂತು ತಿರುಗಿಯೂ ನೋಡದೆ ಕೇಳುವ ದನಿ, ನಿಮ್ಮ ಅಂಗಡಿಯಲ್ಲಿ ಅನುಮಾನ ಬಿಟ್ಟು ಬೇರೆ ಮಾಲೇ ಇಲ್ವೇನ್ರೀ. ಹನ್ನೊಂದು. ಇದು ಹನ್ನೊಂದು ಎನ್ನುತ್ತಿದೆ, ಇದಕ್ಕೆ ಸುಳ್ಳು ಹೇಳಿ ಆಗಬೇಕಾದ್ದೇನು. ಮನುವಿನದಕ್ಕಾದರೂ ಆಗಬೇಕಾದ್ದೇನು. ಎರಡು ಕಂಪ್ಯೂಟರು ಬೇರೆ ಬೇರೆ ಮಾತಾಡಿದರೆ ಹೆಚ್ಚು ಹೆದರಿಸುವುದನ್ನೇ ನಂಬಬೇಕು, ಸಮಾಧಾನ ಹೇಳುವುದನ್ನಲ್ಲ, ಎಂದು ಪಾಠ ಹೇಳಿದವನು ಯಾರು, ನೀರೊಳಗೆ ಜಗಳ ಬೇಡ, ಮೇಲೆ ಹೋಗಿ ಜಗಳ ಆಡೋಣ ಎಂದವನು ಯಾರು, ಚನ್ನರಾಯಪಟ್ಟಣದಲ್ಲಿ ಮುಳುಗಲು ಕಲಿಸಿದ ಆ ಕಲ್ಯಾಣಿಯ ಮೆಟ್ಟಿಲ ಮೇಲೆ ಕೂತು, ಒದ್ದೆ ತಲೆಯ ಮನುವಿಗೆ ಪಂಚಾಕ್ಷರಯ್ಯನ ಕಥೆ ಹೇಳಿ ಹೆದರಿಸಿದವನು ಯಾರು.

ಪಂಚಾಕ್ಷರಯ್ಯ ಹಾಸನದವನು, ಮಂಗಳೂರಿನ ಕಡಲಲ್ಲಿ ಗೆಳೆಯನ ಜೊತೆ ಇಳಿದ, ಇಬ್ಬರಿಗೂ ಸೇರಿ ಒಂದೇ ಕಂಪ್ಯೂಟರು, ಅದು ಗೆಳೆಯನ ಕೈಯಲ್ಲಿ, ಗೆಳೆಯ ಮೇಲೆ ಮೀನು ನೋಡುತ್ತಾ ತೇಲಿದ, ಪಂಚಾಕ್ಷರಯ್ಯ ಕೆಳಗೆ ಬಂಡೆಯ ಸಂದಿಯಲ್ಲಿ ಇಣುಕುತ್ತಿದ್ದ, ಕಂಪ್ಯೂಟರು ಲೆಕ್ಕ ಹಾಕಿದ್ದು ಗೆಳೆಯನ ಮೈಯನ್ನು, ಮೇಲೆ ಬಂದದ್ದು ಇಬ್ಬರೂ ಒಟ್ಟಿಗೆ. ದಡದಲ್ಲಿ ಚೆನ್ನಾಗೇ ಇದ್ದನಂತೆ, ಬಂಗುಡೆ ಊಟ ಮಾಡುವವರನ್ನು ನೋಡಿ ಮೂಗು ಮುಚ್ಚಿಕೊಂಡು ಮೊಸರನ್ನ ತಿಂದನಂತೆ, ಅವತ್ತೇ ಕಾರು ಹತ್ತಿ ಶಿರಾಡಿ ಘಾಟಿ ಏರಿದ, ಎತ್ತರ ಏರಿದಷ್ಟೂ ಒಳಗಿನ ಗುಳ್ಳೆ ಹಿಗ್ಗುತ್ತದೆ ಎಂದು ಯಾರೂ ಹೇಳಿರಲಿಲ್ಲ, ಸಕಲೇಶಪುರದಲ್ಲಿ ಟೀ ಕುಡಿಯಲು ಇಳಿಯಬೇಕು, ಕಾಲು ಕೆಳಗಿಟ್ಟರೆ ಕಾಲು ಅವನದಲ್ಲ. ನೋವೇನಿಲ್ಲ ಸ್ವಾಮಿ, ಎಂದು ಅವನು ತೆಂಗಿನಕಾಯಿ ಮಂಡಿಯ ಕುರ್ಚಿಯಲ್ಲಿ ಕೂತು ಹೇಳುತ್ತಾನೆ, ಈ ಕಾಲು ಬಾಡ್ಗೆಗೆ ತಂದಂಗೈತೆ, ಅಷ್ಟೆಯ. ಒಬ್ಬ ಮನುಷ್ಯನಿಗೆ ಒಂದು ಕಂಪ್ಯೂಟರು, ಒಬ್ಬನದನ್ನು ಇನ್ನೊಬ್ಬ ಕಟ್ಟಿಕೊಳ್ಳಬಾರದು, ಅದು ತಾಳಿ ಇದ್ದ ಹಾಗೆ ಕಣಯ್ಯಾ ಮನು, ಎಂದು ಹೇಳಿದ್ದಕ್ಕೆ ಅವನು, ಅಂಗಾರೆ ನಾನು ಎಲ್ಡು ಮದ್ವೆ ಆದಂಗಾಯ್ತು ಬುಡಣ್ಣ, ಮನೇಲಿ ಭವ್ಯಶ್ರೀಗ್ ಹೇಳ್ಬ್ಯಾಡ, ಎಂದು ನಕ್ಕಿದ್ದ, ಎಲ್ಲದಕ್ಕೂ ನಗುತ್ತಾನೆ, ನಗುವವನನ್ನು ನಂಬುವುದು ಹೇಗೆ, ಈಗ ನಗುತ್ತಿಲ್ಲ. ಗಾಜಿನ ಹಿಂದಿನ ಆ ಕಣ್ಣು ನಗುತ್ತಿಲ್ಲ. ಮನುವಿನ ಮಣಿಕಟ್ಟಿನಲ್ಲಿ ನಾಲ್ಕು ಹೋಗಿ ಎರಡಾಗಿದೆ, ತನ್ನ ಮಣಿಕಟ್ಟಿನಲ್ಲಿ ಎರಡು ಕಡ್ಡಿ ಅಲ್ಲಾಡಿಲ್ಲ, ಅಲ್ಲಾಡಿಲ್ಲ ಎನ್ನುವುದೇ — ಇಳಿಯುವಾಗ ಕೊನೆಯ ಸಲ ಯಾವಾಗ ನೋಡಿದ್ದು, ಪಂಚೆ ಎಳೆಯುವಾಗ ಬಗ್ಗಿದೆ, ಎದ್ದೆ, ಬಗ್ಗಿದೆ, ಒಂದು ಮೀಟರು ಆಚೀಚೆ ಆಗಬೇಕಿತ್ತಲ್ಲ, ಹತ್ತೋ ಹನ್ನೆರಡೋ ಒಂದು ಕ್ಷಣಕ್ಕಾದರೂ ಆಗಬೇಕಿತ್ತಲ್ಲ. ಹಗ್ಗ ಹಿಡಿದ. ಎರಡಾಳುದ್ದ ಮೇಲಕ್ಕೆ ಏರಿದ, ಮನುವಿನ ಗಾಜಿನಲ್ಲಿ ಇಪ್ಪತ್ನಾಲ್ಕು ಹೋಗಿ ಇಪ್ಪತ್ತೊಂದು ಬಂತು, ತನ್ನ ಗಾಜು ನೋಡಿಕೊಂಡ, ಹನ್ನೊಂದು. ಹನ್ನೊಂದು, ಸ್ವಾಮಿ, ಹನ್ನೊಂದು. ಕೆಳಗಿದ್ದಾಗಲೂ ಹನ್ನೊಂದು, ಮೇಲೆ ಬಂದರೂ ಹನ್ನೊಂದು, ಏಕಾದಶಿ ಹಿಡಿದು ಕೂತಿದೆ, ಏನನ್ನೂ ಒಳಗೆ ತೆಗೆದುಕೊಳ್ಳುತ್ತಿಲ್ಲ, ಮನೆಯಲ್ಲಿ ಅಮ್ಮ ಇವತ್ತು ಹನಿ ನೀರು ಮುಟ್ಟದ ಹಾಗೆ ಇದೂ ಇಷ್ಟು ನೀರಿನ ನಡುವೆ ಕೂತು ನಿರ್ಜಲ.

ಅಷ್ಟರಲ್ಲಿ ಮನುವಿನ ಗಾಜಿನಲ್ಲಿ ನಾನ್‌ಸ್ಟಾಪ್ ಮುಗಿಯಿತು, ಆ ಜಾಗದಲ್ಲಿ ಸಣ್ಣ ಬಾಣ, ಪಕ್ಕದಲ್ಲಿ ಮೂರು ಮೀಟರು, ಅಂದರೆ ಅಲ್ಲಿ ನಿಲ್ಲಲೇಬೇಕು, ಇವನು ವಾದ ಮಾಡಿದ ನಿಮಿಷಗಳನ್ನೆಲ್ಲ ಅದು ಮನುವಿನ ತಲೆಗೂ ಕಟ್ಟಿದೆ. ಮನುವಿನ ಕೈ ಇವನ ಎದೆಪಟ್ಟಿ ಹಿಡಿದಿದೆ, ಇನ್ನೊಂದು ಕೈ ಹಗ್ಗದ ಮೇಲೆ, ಏರುವುದು, ನಿಧಾನ, ತನ್ನದೇ ಉಸಿರಿನ ಅತಿ ಪುಟ್ಟ ಗುಳ್ಳೆಗಿಂತ ನಿಧಾನ, ಸಾಸಿವೆಯಷ್ಟು ಗುಳ್ಳೆಯೊಂದು ಮುಖಗಾಜಿನ ಮುಂದೆ ಮೇಲೆ ಹೋಗುತ್ತಿದೆ, ಅದನ್ನು ದಾಟಬಾರದು, ಅದು ಮುಂದೆ, ನಾವು ಹಿಂದೆ. ಮನುವಿನ ಬಾಯಿ ಬಿಡುವ ಗುಳ್ಳೆಗಳು ದೊಡ್ಡವು, ಅಣಬೆಯ ಹಾಗೆ ಅರಳಿಕೊಂಡು ಓಡುತ್ತವೆ, ಗುಳ್ಳೆ ಬಿಡುವ ಗುಳ್ಳೆನರಿ, ಹ್ಞೂಂ, ಬ್ಯಾಟರಿ ಹಾಕಿಸುವಾಗಲೇ ಏನೋ ತಿರುಚಿದ್ದಾನೆ, ತಿರುಚಿದವನು ಇಳಿದು ಬಂದು ತೋರಿಸಿದ್ದೇಕೆ, ತೋರಿಸಿದರೆ ಅನುಮಾನ ಬರುವುದಿಲ್ಲ ಎಂದು, ಎದೆಪಟ್ಟಿ ಹಿಡಿದಿದ್ದೇಕೆ, ಬಿಟ್ಟರೆ ಓಡಿಹೋಗುತ್ತೇನೆ ಎಂದು — ಓಡಿಹೋಗುತ್ತಿದ್ದೆ, ಹೌದು, ಅದು ನಿಜ, ಎದೆಯೊಳಗೆ ಕಾಲು ಬಂದ ಹಾಗೆ ಏನೋ ಮೇಲಕ್ಕೆ ಒದೆಯುತ್ತಿದೆ, ಬೆಳಕಿಗೆ, ಗಂಗಯ್ಯನ ಬೀಡಿಯ ವಾಸನೆಗೆ, ಆ ಕೈ ಇಲ್ಲದಿದ್ದರೆ ಈಗಾಗಲೇ ಸೋಡಾ ಬಾಟಲಿಯ ಗೋಲಿ ಒತ್ತಿದ ಹಾಗೆ ಮೇಲೆ ಚಿಮ್ಮಿರುತ್ತಿದ್ದೆ. ನೀರು ಕಪ್ಪಿನಿಂದ ಕಂದು, ಕಂದಿನಿಂದ ಹಳೆ ಚಹಾ, ಚಹಾದಿಂದ ಹಸಿರು. ಮೂರು ಮೀಟರಿನ ಹತ್ತಿರ ಮನು ಅಂಗೈ ಅಡ್ಡ ಹಿಡಿದ, ನಿಲ್ಲು. ಬಸ್ಸು ಚನ್ನರಾಯಪಟ್ಟಣದಲ್ಲಿ ನಿಂತ ಹಾಗೆ ನಿಂತರು, ಇಳಿಯುವವರು ಇಳಿಯಲಿ, ಮೈಯಲ್ಲಿ ಕೂತ ಸಾರಜನಕ ಒಂದೊಂದೇ ಇಳಿಯಲಿ. ತನ್ನ ಗಾಜು, ಹನ್ನೊಂದು.

ಮನು ಇವನ ಎಡಗೈ ಎಳೆದುಕೊಂಡು ಕಂಪ್ಯೂಟರಿನ ಪಟ್ಟಿ ಸಡಿಲಿಸಿ ಅದನ್ನು ಮಗುಚಿದ. ಮಗುಚಿದ್ದೇ, ಬೆನ್ನಿನ ಮೇಲೆ, ಎರಡು ಬಿಳಿ ಗೆರೆ, ನಡುವೆ ಒಂದು ಕೆಂಪು. ಅಚ್ಚುಕಟ್ಟಾದ ನಾಮ. ಒಣಗಿ, ಕಚ್ಚಿಕೊಂಡು, ಪಕ್ಕದ ಮೂರು ಸಣ್ಣ ತೂತುಗಳೊಳಗೆ ಮೆತ್ತಿಕೊಂಡು — ನೀರಿನ ಒತ್ತಡ ಒಳಗೆ ಹೋಗಿ ಆಳ ಅಳೆಯಬೇಕಾದ ತೂತುಗಳು, ಹನ್ನೊಂದರವರೆಗೆ ಸಂದಿ ಬಿಟ್ಟು ಆಮೇಲೆ ನೆನೆದು ಹಿಗ್ಗಿ ಬತ್ತಿಯಿಟ್ಟ ಹಾಗೆ ಮುಚ್ಚಿಕೊಂಡಿವೆ. ಮೊನ್ನೆ ಆಯುಧಪೂಜೆ. ಸಿಲಿಂಡರಿಗೆ ಹೂವು, ಓಮ್ನಿ ವ್ಯಾನಿಗೆ ಬಾಳೆಕಂದು, ಕತ್ತಿಗೆ ಕುಂಕುಮ, ಮಣೆಯ ಮೇಲೆ ರೆಕ್ಕೆಚಪ್ಪಲಿ, ಮುಖಗಾಜು, ಕಂಪ್ಯೂಟರು, ಇವನು ಜಗಲಿಯಲ್ಲಿ ಮೊಬೈಲು ಕಿವಿಗಿಟ್ಟು ಎಂಜಿನಿಯರಿಗೆ, ಸಾರ್, ಮನು ನಿಮ್ಮ ಹತ್ರ ಏನಾದ್ರೂ ಹೇಳಿದ್ನಾ ಸಾರ್, ಎಂದು ಬಾಯಿ ಬಿಡಿಸುತ್ತಿದ್ದ, ಒಳಗಿನಿಂದ ಅಮ್ಮ, ಶ್ರೀರಂಗಮ್ಮ, ಬೆಳ್ಳಿ ಕಡ್ಡಿಯಿಂದ ನಾಮದ ಮಣ್ಣು ಕಲಸುತ್ತಾ, ಲೋ ಸಂಪತ್ತೂ, ಇದು ನೀರಿಗಿಳಿಯೋ ಪದಾರ್ಥ ಕಣೋ, ಮೊದಲು ಇದಕ್ಕೇ ಇಡಬೇಕು, ನೀನು ಮುಖ ಉಜ್ಜಿ ಹಾಕ್ತೀಯ ಅಂತ ನಂಗೆ ಗೊತ್ತು, ನಿನ್ನ ನಂಬಕ್ಕಾಗಲ್ಲ, ಅದಕ್ಕೇ ಬೆನ್ನಿಗೂ ಒಂದು ಇಟ್ಟಿದ್ದೀನಿ, ಯಾರಿಗೂ ಕಾಣಲ್ಲ, ಕಾಪಾಡತ್ತೆ. ಕೇಳಿಸಿತ್ತು. ಕೇಳಿಸಿತ್ತು, ಕಿವಿಗೆ ಕೇಳಿಸಿತ್ತು, ಒಂದು ಕಿವಿಯಲ್ಲಿ ಅಮ್ಮ, ಒಂದು ಕಿವಿಯಲ್ಲಿ ಎಂಜಿನಿಯರು, ಎಂಜಿನಿಯರು ಏನೆಂದ, ಏನಿಲ್ಲ ಸ್ವಾಮಿ, ಆಳದ ಕೆಲಸ ನಮ್ಮ ಸಂಪತಣ್ಣ ಒಬ್ಬರೇ ಮಾಡ್ತಾರೆ, ಅವರಿಗೆ ವಯಸ್ಸಾಯ್ತು, ಇನ್ಶೂರೆನ್ಸ್ ಮಾಡಿಸಿಕೊಡಿ ಸಾರ್ ಅಂತಿದ್ದ — ಅದನ್ನು ಇವನು ಎರಡು ದಿನದಿಂದ ಹಿಡಿದುಕೊಂಡು ಹಿಂಜಿದ್ದಾನೆ, ಇನ್ಶೂರೆನ್ಸ್ ಯಾಕೆ, ಯಾರ ಹೆಸರಿಗೆ, ಸಾಯಲಿ ಎಂದೇ, ವಯಸ್ಸಾಯ್ತು ಎಂದು ಹೇಳಲು ಅವನು ಯಾರು. ಇವನು ಗಾಜು ಒರೆಸಿಕೊಂಡು, ನೀರಿನ ಬಕೆಟ್ಟಿಗೂ ಅದ್ದಿ ನೋಡದೆ, ಕೈಗೆ ಕಟ್ಟಿಕೊಂಡು ಬಂದಿದ್ದ. ಅಮ್ಮನಿಗೆ ಮಗನ ಮೇಲೆ ಅನುಮಾನ, ಮಗನಿಗೆ ಮನುವಿನ ಮೇಲೆ, ನಡುವೆ ಮೂರು ತೂತು. ಮನು ಬೆರಳ ಉಗುರಿನಿಂದ ಮಣ್ಣನ್ನು ಕೆರೆದು ನೋಡಿದ, ಕೆಂಪು ಎಳೆಯೊಂದು ನೀರಿನಲ್ಲಿ ಬಿಚ್ಚಿಕೊಂಡು ಹೋಯಿತು, ತೂತು ಬಿಡಲಿಲ್ಲ. ಇನ್ನು ಬಿಟ್ಟರೂ ಪ್ರಯೋಜನವಿಲ್ಲ, ಇಷ್ಟು ಹೊತ್ತಿನ ಲೆಕ್ಕವೆಲ್ಲ ಸುಳ್ಳಿನ ಮೇಲೆ ಕೂತಿದೆ, ಈ ಕಂಪ್ಯೂಟರಿಗೆ ಇವನ ಮೈಯ ವಿಷಯ ಏನೂ ಗೊತ್ತಿಲ್ಲ.

ಮನುವಿನದಕ್ಕೂ ಗೊತ್ತಿಲ್ಲ. ಅದು ಹೊಳೆಯಿತು ನೋಡಿ — ಮನುವಿನ ಗಾಜಿನ ಬಾಣ ಮಾಯವಾಗಿದೆ, ನಿಂತದ್ದು ಸಾಕು, ಹೋಗಬಹುದು ಎನ್ನುತ್ತಿದೆ, ಆದರೆ ಅದು ಲೆಕ್ಕ ಹಾಕಿದ್ದು ಎರಡಾಳುದ್ದ ಮೇಲೆ ತೇಲುತ್ತಿದ್ದ ಮನುವಿನ ಮೈಯನ್ನು, ಕೆಳಗೆ ಕೆಸರಿನಲ್ಲಿ ಕೂತು ಬೇರು ಕುಯ್ಯುತ್ತಿದ್ದ ತನ್ನ ಮೈಯನ್ನಲ್ಲ, ತಾನು ಹೀರಿದ್ದು ಹೆಚ್ಚು, ಎಷ್ಟು ಹೆಚ್ಚು, ಹೇಳುವವರಿಲ್ಲ, ಈಗ ಮನುವಿನ ಜೊತೆಗೇ ಮೇಲೆ ಹೋದರೆ ತಾನೇ ಪಂಚಾಕ್ಷರಯ್ಯ, ಮಂಡಿಯಲ್ಲಿ ಎರಡನೇ ಕುರ್ಚಿ. ನಿಲ್ಲಬೇಕು, ಗಾಳಿ ಇರುವಷ್ಟು ಹೊತ್ತು ನಿಲ್ಲಬೇಕು. ಗಾಳಿ ಮೀಟರು ನೋಡಿಕೊಂಡ, ಮುಳ್ಳು ಕೆಂಪು ಪಟ್ಟಿಯೊಳಗೆ ಮಲಗಿದೆ. ಬಾಯಿಯ ನಳಿಕೆ ಉಸಿರು ಕೊಡಲು ಜಿಪುಣತನ ಶುರುಮಾಡಿದೆ, ಎಳೆದರೆ ಎಳೆದಷ್ಟೇ. ಮನು ಹೋಗಬಹುದು. ಅವನ ಕಂಪ್ಯೂಟರು ಹೋಗು ಎಂದಿದೆ, ಮೂರು ಮೀಟರು ಮೇಲೆ ದೋಣಿಯ ಹೊಟ್ಟೆ ಕಾಣುತ್ತಿದೆ, ಹೋಗಿ ಗಂಗಯ್ಯನ ಪಕ್ಕ ಕೂತು, ಸಂಪತಣ್ಣಂಗೆ ಎಷ್ಟ್ ಹೇಳುದ್ರೂ ಕೇಳ್ಳಿಲ್ಲ ಕಣಣ್ಣ ಎನ್ನಬಹುದು, ಯಾರೂ ತಪ್ಪು ಹೇಳುವುದಿಲ್ಲ, ಪೈಪು ಅವನದು, ಎಂಜಿನಿಯರು ಅವನವನು, ಕಾಫಿ ಅವನದು. ಹೋಗಲಿಲ್ಲ. ಹಗ್ಗದ ಮೇಲೆ ಇವನ ಕೈಗಿಂತ ಗೇಣು ಮೇಲೆ ಅವನ ಕೈ ಹಾಗೇ ಇದೆ, ಇನ್ನೊಂದು ಕೈಯಿಂದ ತನ್ನ ಪಕ್ಕೆಯಲ್ಲಿ ಇನ್ನೊಬ್ಬನ ಉಸಿರಿಗೆಂದೇ ಇಟ್ಟ ಹಳದಿ ನಳಿಕೆ ಬಿಚ್ಚಿ, ಒಂದು ಸಲ ಗುಳ್ಳೆ ಬಿಡಿಸಿ ತೋರಿಸಿ, ಇವನ ಬಾಯಿಯ ಮುಂದೆ ಹಿಡಿದ. ಯಾಕೆ. ಯಾಕೆ ಹಿಡಿದ. ಏನು ಬೇಕು ಅವನಿಗೆ. ಒಳ್ಳೆಯವನೆನಿಸಿಕೊಳ್ಳುವುದು ಬೇಕು, ಅಗ್ರಹಾರದಲ್ಲಿ ಹೇಳಿಕೊಳ್ಳುವುದು ಬೇಕು, ಸಾಯುವತನಕ ತಲೆ ತಗ್ಗಿಸಿ ನಡೆಸುವುದು ಬೇಕು — ಅವನ ಸಿಲಿಂಡರಿನ ಮುಳ್ಳೂ ಅರ್ಧಕ್ಕಿಂತ ಕೆಳಗಿದೆ, ಇಬ್ಬರು ಎಳೆದರೆ ಅದೂ ಎಷ್ಟು ಹೊತ್ತು, ಇಷ್ಟಾದರೂ ಹಿಡಿದಿದ್ದಾನೆ, ಯಾಕೆ ಎನ್ನುವುದಕ್ಕೆ ಉತ್ತರ ಹುಡುಕುತ್ತಾ ಹುಡುಕುತ್ತಾ ಅಂಗಡಿಯ ಕೊನೆಯ ಡಬ್ಬದವರೆಗೂ ಕೈ ಹಾಕಿದ, ಖಾಲಿ.

ಅಮ್ಮ ಹೊರಗೆ ನೀರು ಮುಟ್ಟುವವಳಲ್ಲ, ಮನು ಮನೆಗೆ ಬಂದರೆ ಲೋಟ ಬೇರೆ, ಅವನು ಅದಕ್ಕೂ ನಗುತ್ತಾನೆ, ನಮ್ಮ ಲೋಟ ಎಲ್ಲಿ ಶ್ರೀರಂಗಮ್ನೋರೆ ಎಂದು ತಾನೇ ಕೇಳಿ ತೆಗೆದುಕೊಳ್ಳುತ್ತಾನೆ, ಆ ಶ್ರೀರಂಗಮ್ಮನ ಮಗ ತನ್ನ ಬಾಯಿಯ ನಳಿಕೆ ಉಗುಳಿ, ಹಳದಿಯದನ್ನು ಹಲ್ಲಿನಿಂದ ಕಚ್ಚಿ, ಮೊದಲ ಉಸಿರನ್ನು ಅರ್ಧವೇ ಎಳೆದು ತಡೆದು ನೋಡಿದ, ಗಾಳಿಯೇ, ಬರೀ ಗಾಳಿ, ತಣ್ಣಗೆ, ರಬ್ಬರಿನ ರುಚಿ, ಇನ್ನರ್ಧ ಎಳೆದ. ಎಡ ಮೊಣಕೈಯಲ್ಲಿ ಚುಳುಕ್ ಎಂದಿತು. ಚಳಿ. ಚಳಿಯಿರಬೇಕು, ಕತ್ತಿ ಹಿಡಿದ ಕೈಯಲ್ಲ ಇದು, ಮತ್ತೇಕೆ, ಕೊಡವಿದಾಗ ಉಳುಕಿರಬೇಕು, ಅಥವಾ ಗುಳ್ಳೆ, ಸಾಸಿವೆಯಷ್ಟು ಗುಳ್ಳೆ, ಯಾವ ಕೀಲಿನಲ್ಲಿ ಕೂತಿದೆ, ಎಷ್ಟು ದೊಡ್ಡದು, ಮನುವನ್ನು ಕೇಳಲು ಬಾಯಿಲ್ಲ, ಮನುವಿನ ಗಾಜಿಗೆ ಗೊತ್ತಿಲ್ಲ, ತನ್ನ ಮೈಯನ್ನೇ ತಾನು ನಂಬಬೇಕೋ ಬೇಡವೋ, ಮೈ ಏನಾದರೂ ಮುಚ್ಚಿಡುತ್ತಿದೆಯೋ, ಮನು ನೋಡುತ್ತಿದ್ದಾನೆ, ಎರಡು ಬೆರಳು ಸೇರಿಸಿ ಸರಿಯಿದೆಯಾ ಎಂದು ಕೇಳುತ್ತಿದ್ದಾನೆ, ಸರಿಯಿದೆ ಎಂದು ತೋರಿಸಲು ಕೈ ಎತ್ತಿದ, ಎತ್ತಿದ ಕೈಯಲ್ಲಿ ಪಟ್ಟಿ ಸಡಿಲವಾಗಿ ಆ ಯಂತ್ರ ತಿರುಗಿತು, ಬೆನ್ನು, ಎರಡು ಬಿಳಿ ಗೆರೆ, ತಿರುಗಿತು, ಮುಖ, ಎರಡು ಕಪ್ಪು ಕಡ್ಡಿ, ಉಸಿರು ಒಳಗೆ, ಹನ್ನೊಂದು, ಉಸಿರು ಹೊರಗೆ, ಹನ್ನೊಂದು, ಮನುವಿನ ಉಸಿರು, ತನ್ನ ಉಸಿರು, ಒಂದೇ ಸಿಲಿಂಡರು, ಮೊಣಕೈ, ಹನ್ನೊಂದು, ಹನ್ನೊಂದು, ಹನ್ನೊಂದು